ದಿನ ನಿಂತಿವೆ ಅಂದ ಮಾತ್ರಕ್ಕೆ ಮುಟ್ಟೇ ನಿಂತಿತು ಅನ್ನಬೇಡಿ

ಓದುಗರ ಪತ್ರ: ನನಗೆ 44. ಮೂರು ತಿಂಗಳಿಂದ ಮುಟ್ಟಾಗಿಲ್ಲ. ಹೋದ ವರ್ಷದಿಂದಲೇ ಹಿಂದೆ ಮುಂದೆ ಆಗುತ್ತಿತ್ತು. ಎರಡನೇ ಮಗು ಆದ ಮೇಲೆ ಆಪರೇಷನ್ ಮಾಡಿಸಿಕೊಂಡು 17 ವರ್ಷವಾಯಿತು. ಅತ್ತೆ ‘ನಿಂತಿರಬೇಕು ಬಿಡು, ಪೀಡೆ ಹೋಯ್ತು’ ಅಂತಾರೆ. ಆದರೆ ಬೆಳಗ್ಗೆ ವಾಕರಿಕೆ, ದಿನವಿಡೀ ಸುಸ್ತು. ಮಗಳ ಮದುವೆ ಮಾತು ನಡೆದಿದೆ. ಔಷಧ ಅಂಗಡಿಯಲ್ಲಿ ಬಸಿರು ಪರೀಕ್ಷೆಯ ಕಿಟ್ ಕೇಳಲು ನಾಚಿಕೆ. ನಮ್ಮೂರ ಆಶಾ ಕಾರ್ಯಕರ್ತೆ ನನ್ನ ನಾದಿನಿಯೇ. ಲಕ್ಷಣ ನೋಡಿಯೇ ತಿಳಿದುಕೊಳ್ಳಲು ಬರುತ್ತದಾ?
– ಹೆಸರು ಬೇಡ, ಸಿಂಧನೂರು ತಾಲ್ಲೂಕು

ಸಂಪಾದಕರ ಉತ್ತರ:

ಅಕ್ಕಾ, ಹೆಸರು ಹಾಕಿಲ್ಲ, ಊರನ್ನೂ ಬಿಟ್ಟಿದ್ದೇವೆ. ಕೊನೇ ಪ್ರಶ್ನೆಗೆ ಮೊದಲು ಉತ್ತರ. ಬರಲ್ಲ. ನಿಮಗೂ ಬರಲ್ಲ, ನಿಮ್ಮ ಅತ್ತೆಯವರಿಗೂ ಬರಲ್ಲ, ನಾಡಿ ಹಿಡಿದು ಹೇಳ್ತೀನಿ ಅನ್ನೋರಿಗಂತೂ ಬರಲ್ಲ.

ಅತ್ತೆಯವರ ಮಾತು ಪೂರ್ತಿ ಸುಳ್ಳು ಅನ್ನಲಾರೆ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ಕ್ಕೆ ಮುಟ್ಟು ನಿಲ್ಲುತ್ತದೆ. ಅದಕ್ಕೆ ಕೆಲವು ವರ್ಷ ಮೊದಲೇ ಏರುಪೇರು ಶುರುವಾಗುತ್ತದೆ. ನಿಮ್ಮ ವಿಷಯದಲ್ಲಿ ಕೊನೆಗೆ ಅವರೇ ಗೆಲ್ಲಬಹುದು. ಆದರೆ ‘ನಿಂತಿತು’ ಅನ್ನಬೇಕಾದರೆ ಹನ್ನೆರಡು ತಿಂಗಳು ಸತತ ಮುಟ್ಟಾಗದೆ ಇರಬೇಕು. ಹನ್ನೊಂದನೇ ತಿಂಗಳಲ್ಲಿ ಒಮ್ಮೆ ಆದರೂ ಮತ್ತೆ ಒಂದರಿಂದ ಎಣಿಸಬೇಕು. ನಿಮ್ಮದು ಬರೀ ಮೂರು. ಈ ನಡುಗಾಲದಲ್ಲಿ ಒಂದು ತಿಂಗಳು ಅಂಡ ಬಿಡುಗಡೆ ಆಗುತ್ತದೆ, ಇನ್ನೊಂದು ತಿಂಗಳು ಆಗಲ್ಲ. ಯಾವಾಗ ಅಂತ ದೇಹ ಮೊದಲೇ ಡಂಗುರ ಹೊಡೆಯಲ್ಲ.

ಸುಸ್ತು, ಮೊಲೆಗಳಲ್ಲಿ ನೋವು, ಸುಮ್ನೆ ಸಿಟ್ಟು, ಹೊಟ್ಟೆ ಉಬ್ಬರ, ನಿದ್ದೆಗೇಡು. ಈ ಪಟ್ಟಿಯನ್ನು ಬಸುರಿಗೂ ಹಚ್ಚಬಹುದು, ಮುಟ್ಟು ನಿಲ್ಲುವವರಿಗೂ ಹಚ್ಚಬಹುದು. ವಾಕರಿಕೆ ಬಸಿರಿನ ಕಡೆ ಸ್ವಲ್ಪ ಜಾಸ್ತಿ ವಾಲುತ್ತದೆ. ಮೈ ಬಿಸಿಯೇರಿ ಬೆವರುವುದು ಮುಟ್ಟು ನಿಲ್ಲುವ ಕಡೆ. ಆದರೆ ನಮ್ಮ ರಾಯಚೂರು ಸೀಮೆಯಲ್ಲಿ ಈ ಬಿಸಿಯನ್ನು ಗುರುತಿಸೋದಾದರೂ ಹೇಗೆ? ಮೇ ತಿಂಗಳಲ್ಲಿ 42 ಡಿಗ್ರಿ ದಾಟಿದಾಗ ಮನೆಮಂದಿಯೆಲ್ಲಾ ಬೆವರುತ್ತಾರೆ. ‘ಬಿಸಿಲ ಝಳ’ ಅಂತ ಮಜ್ಜಿಗೆ ಕುಡಿದು ಮುಗಿಸಿಬಿಡ್ತೇವೆ. ಡಿಸೆಂಬರ್ ರಾತ್ರಿ, ಪಕ್ಕದಲ್ಲಿ ಗಂಡ ಕೌದಿ ಹೊದ್ದು ಮಲಗಿರುವಾಗ ನಿಮ್ಮೊಬ್ಬರಿಗೇ ಎದೆಯಿಂದ ಮುಖದವರೆಗೆ ಬಿಸಿ ಹತ್ತಿ, ಕುಪ್ಪಸ ಒದ್ದೆಯಾಗಿ, ಐದು ನಿಮಿಷಕ್ಕೆ ಇಳಿದು ಚಳಿ ಹಿಡಿದರೆ ಆಗ ಅನುಮಾನಿಸಬಹುದು. ಆಗಲೂ ಅನುಮಾನ ಅಷ್ಟೇ.

ಈಗ ಆಪರೇಷನ್ ವಿಷಯ. ಇಲ್ಲಿ ನಿಮ್ಮನ್ನು ಸ್ವಲ್ಪ ಬೈಯಲೇಬೇಕು. ಪತ್ರದಲ್ಲಿ ಅದನ್ನು ಬೀಗ ಜಡಿದ ಬಾಗಿಲಿನಂತೆ ಬರೆದಿದ್ದೀರಿ. ಕರ್ನಾಟಕದಲ್ಲಿ ಮದುವೆಯಾದ ಹೆಂಗಸರಲ್ಲಿ ಅರ್ಧಕ್ಕಿಂತ ಜಾಸ್ತಿ ಮಂದಿ ಈ ಆಪರೇಷನ್ ಮಾಡಿಸಿಕೊಂಡವರು. ಅದು ಒಳ್ಳೇ ವಿಧಾನ, ಸೋಲೋದು ಅಪರೂಪ. ಆದರೆ ಸೋಲುತ್ತದೆ, ಎಷ್ಟೋ ವರ್ಷದ ಮೇಲೂ ಸೋಲಬಹುದು. ಸೋತಾಗ ಗರ್ಭವು ಗರ್ಭಕೋಶಕ್ಕೆ ಇಳಿಯದೆ ಅಂಡನಾಳದಲ್ಲೇ ಕೂರುವ ಅಪಾಯ ಬೇರೆಯವರಿಗಿಂತ ಜಾಸ್ತಿ. ಕಿಬ್ಬೊಟ್ಟೆಯಲ್ಲಿ ಒಂದೇ ಪಕ್ಕ ನೋವು, ಚೂರು ಚೂರು ರಕ್ತ, ತಲೆ ತಿರುಗಿ ಕಣ್ಣು ಕತ್ತಲೆ, ಭುಜದ ತುದಿಯಲ್ಲಿ ನೋವು ಕಂಡರೆ ಕಿಟ್ಟೂ ಬೇಡ, ನನ್ನ ಉತ್ತರವೂ ಬೇಡ. 108ಕ್ಕೆ ಫೋನ್ ಮಾಡಿ.

2000ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಹರಿಯಾಣದ ಒಬ್ಬ ಬಡ ಕೂಲಿ ಹೆಂಗಸು. ಏಳು ಮಕ್ಕಳಾಗಿದ್ದವು, ಸರ್ಕಾರಿ ಆಸ್ಪತ್ರೆಯಲ್ಲಿ ಆಪರೇಷನ್ ಆಗಿತ್ತು. ಆಮೇಲೆ ಅನುಮಾನ ಬಂದು ಹೋದಾಗ ‘ನೀನು ಬಸುರಿ ಅಲ್ಲ’ ಅಂತ ವಾಪಸ್ ಕಳಿಸಿದರು. ಎರಡು ತಿಂಗಳ ಮೇಲೆ ಹೊಟ್ಟೆಯೇ ಹೇಳಿತು. ಒಂದು ಕಡೆಯ ನಾಳವನ್ನು ಮುಟ್ಟಿಯೇ ಇರಲಿಲ್ಲ! ಹುಟ್ಟಿದ ಹೆಣ್ಣುಮಗುವಿನ ಪಾಲನೆಗೆ ಸರ್ಕಾರ ಪರಿಹಾರ ಕೊಡಬೇಕು ಅಂದಿತು ಕೋರ್ಟ್. ನನಗೆ ಆ ಪರಿಹಾರಕ್ಕಿಂತ ಕಾಡೋದು ಆ ಎರಡು ತಿಂಗಳು. ಡಾಕ್ಟರೇ ‘ಆಪರೇಷನ್ ಆಗಿದೆಯಲ್ಲ’ ಅಂತ ಕಣ್ಣು ಮುಚ್ಚಿದರೆ ಅತ್ತೆಯವರನ್ನು ಅಂದು ಏನು ಪ್ರಯೋಜನ?

ನಾಚಿಕೆ ಅಂತ ಬರೆದಿದ್ದೀರಿ. ಗಂಗಾವತಿಯಲ್ಲಿ ನಮ್ಮ ಓಣಿಯ ಔಷಧ ಅಂಗಡಿಯ ಮುಂದೆ ನಿಂತು ನೋಡಬೇಕು. ಹುಲಿಗೆಮ್ಮನ ಜಾತ್ರೆ ಹತ್ತಿರ ಬಂತು ಅಂದರೆ ಹೆಂಗಸರು ಗಂಡಸರ ನಡುವೆಯೇ ಕೈ ಚಾಚಿ, ‘ಅಣ್ಣಾ, ಮುಟ್ಟು ಮುಂದಕ್ಕ ಹಾಕೋ ಗುಳಿಗಿ ಕೊಡ್ರಿ’ ಅಂತ ಕೂಗಿ ಕೇಳ್ತಾರೆ. ಒಂದು ಚೂರು ಸಂಕೋಚ ಇಲ್ಲ. ಅದೇ ಅಂಗಡಿಗೆ ನಲವತ್ತು ದಾಟಿದವರೊಬ್ಬರು ಬಂದು, ಜನ ಕರಗುವವರೆಗೂ ಕೆಮ್ಮಿನ ಔಷಧದ ಬಾಟಲಿ ತಿರುವಿ ತಿರುವಿ ನೋಡುತ್ತಾ ನಿಂತಿದ್ದರು. ಆಮೇಲೆ ‘ಮಗಳಿಗೆ’ ಅಂತ ಪಿಸುಗುಟ್ಟಿ ಕಿಟ್ ತಗೊಂಡರು. ಅಂಗಡಿಯವನು ಕೇಳದಿದ್ದರೂ ಪೇಪರ್‌ನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿಕೊಟ್ಟ. ದೇವರಿಗಾಗಿ ಮುಟ್ಟು ಮುಂದೂಡಿದರೆ ಮರ್ಯಾದೆ, ತನಗಾಗಿ ತಿಳಿದುಕೊಂಡರೆ ಮಾನ ಹೋಗುತ್ತದೆ. ಯಾವ ಲೆಕ್ಕ ಇದು? (ಆ ಗುಳಿಗೆ ನೀವೂ ನುಂಗಿದ್ದರೆ ಡಾಕ್ಟರಿಗೆ ಹೇಳಿ. ಅದೂ ದಿನಗಳ ಲೆಕ್ಕ ತಪ್ಪಿಸುತ್ತದೆ.)

ಹಿಂದಿನವರಿಗೆ ಈ ನಾಚಿಕೆ ಇರಲಿಲ್ಲ. ತಾಯಿ ಮಗಳು ಒಂದೇ ಮನೆಯಲ್ಲಿ, ಒಂದೇ ವರ್ಷ ಬಾಣಂತನ ಮಾಡಿಸಿಕೊಂಡದ್ದು ನಮ್ಮ ಕಡೆ ಎಷ್ಟು ಮನೆಯಲ್ಲಿಲ್ಲ? ಅಳಿಯನಿಗಿಂತ ಚಿಕ್ಕ ಸೋದರಮಾವಂದಿರು ಪ್ರತಿ ಊರಲ್ಲೂ ಸಿಗ್ತಾರೆ. ಆಗಿನ ಕಾಲವೇ ಚೆನ್ನಾಗಿತ್ತು ಅಂತಲ್ಲ. ಹಡೆದು ಹಡೆದು ಸತ್ತವರ ಲೆಕ್ಕ ಯಾರಿಟ್ಟಿದ್ದಾರೆ? ಆದರೆ ಮಗಳು ಮದುವೆಗೆ ಬಂದಳು ಅಂದ ಕೂಡಲೇ ತಾಯಿಗೆ ಗಂಡನ ಸಂಗವೇ ಇಲ್ಲ ಅಂತ ನಟಿಸೋದು ಈಚಿನ ಸೋಗು. ಸರ್ಕಾರವೂ ಅದೇ ಸೋಗಿನಲ್ಲಿದೆ. ಬಸುರಿಗೆ ತಾಯಿ ಕಾರ್ಡ್ ಇದೆ, ಅಂಗನವಾಡಿ ಊಟ ಇದೆ. ಎರಡು ಹಡೆದು ಆಪರೇಷನ್ ಆದ ಮೇಲೆ ಆಕೆ ಯಾವ ಕಾರ್ಡಿನಲ್ಲೂ ಇಲ್ಲ. ಗಂಡಸರ ಆಪರೇಷನ್ ಅಂತೂ ಲೆಕ್ಕಕ್ಕೇ ಇಲ್ಲ. ಅದು ಇನ್ನೂ ಚಿಕ್ಕದು, ಹೊಲಿಗೆಯೂ ಬೇಡ, ಅದೇ ದಿನ ಮನೆಗೆ ಬರಬಹುದು. ಕೇಳಿ ನೋಡಿ, ‘ನೇಗಿಲು ಹಿಡಿಯೋ ಮೈ’ ಅಂತಾರೆ. ನಾಟಿ ಹಚ್ಚೋ ಮೈ ಯಾರದು ಹಾಗಾದರೆ?

ಈ ವಯಸ್ಸಿನ ಹೆಂಗಸು ಮುಟ್ಟಿನ ತೊಂದರೆ ಅಂತ ಹೋದರೆ ಇನ್ನೊಂದು ಮಾತು ತಯಾರಿರುತ್ತದೆ: ‘ಗರ್ಭಚೀಲ ತೆಗೆಸಿಬಿಡ್ರಿ.’ ಬೇಡದ ಕಡೆಯೂ ತೆಗೆಯುವ ಈ ಚಾಳಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2023ರಲ್ಲಿ ಎಲ್ಲ ರಾಜ್ಯಗಳೂ ಕೇಂದ್ರದ ಮಾರ್ಗಸೂಚಿ ಪಾಲಿಸಬೇಕು ಅಂತ ಆದೇಶ ಆಯಿತು. ಯಾರಾದರೂ ಹಾಗಂದರೆ ಇನ್ನೊಬ್ಬ ಡಾಕ್ಟರನ್ನು ಕೇಳದೆ ಹೂಂ ಅನ್ನಬೇಡಿ.

ನಿಮ್ಮ ಕೆಲಸ ಇಷ್ಟು. ನಾದಿನಿಯ ಚೀಲದಲ್ಲಿ ‘ನಿಶ್ಚಯ’ ಕಿಟ್ ಪುಕ್ಕಟೆ ಇರುತ್ತದೆ. ಆಕೆಗೆ ಹೇಳಲು ಮನಸ್ಸಿಲ್ಲದಿದ್ದರೆ ಬೇಡ. ರಾಯಚೂರಿಗೋ ಗಂಗಾವತಿಗೋ ಸಂತೆಗೆ ಹೋದಾಗ ಗುರುತಿಲ್ಲದ ಅಂಗಡಿಯಲ್ಲಿ ಎರಡು ತಗೊಳ್ಳಿ, ದೊಡ್ಡ ರೊಕ್ಕವೇನಲ್ಲ. ಬೆಳಗ್ಗೆ ಎದ್ದ ಕೂಡಲೇ ಬರುವ ಮೂತ್ರ, ಚೀಟಿಯಲ್ಲಿ ಬರೆದಷ್ಟು ಹನಿ, ಬರೆದಷ್ಟು ನಿಮಿಷ. ಅರ್ಧ ಗಂಟೆ ಬಿಟ್ಟು ಕಂಡ ಮಸುಕು ಗೆರೆಯನ್ನು ನಂಬಬೇಡಿ. ಒಂದೇ ಗೆರೆ ಬಂದರೆ ವಾರ ಬಿಟ್ಟು ಎರಡನೇ ಕಿಟ್.

ಎರಡು ಗೆರೆ ಬಂದರೆ ಬಸಿರು ಅಂತ ಅರ್ಥ, ಅದೇ ವಾರ ಸ್ಕ್ಯಾನಿಂಗ್. ಮೂರು ತಿಂಗಳು ಆಗಲೇ ಕಳೆದಿವೆ, ಹಾಗಾಗಿ ಅಂಗಡಿಯಿಂದ ಗರ್ಭಪಾತದ ಗುಳಿಗೆ ತಂದು ನುಂಗುವ ಹುಚ್ಚಿಗೆ ಕೈ ಹಾಕಬೇಡಿ. ಆ ಗುಳಿಗೆಗೆ ಒಂಬತ್ತು ವಾರವೇ ಮಿತಿ, ನಾಳದಲ್ಲಿ ಕೂತ ಗರ್ಭಕ್ಕೆ ಅದು ನಾಟುವುದೂ ಇಲ್ಲ. ಬೇಕೋ ಬೇಡವೋ ನಿಮ್ಮ ಇಷ್ಟ. ಬೇಡ ಅಂದರೆ 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, ಕಾನೂನು ಕೇಳೋದು ನಿಮ್ಮ ಸಹಿ, ಗಂಡನದ್ದಲ್ಲ. ನಿಮ್ಮ ಹೆಸರನ್ನು ಡಾಕ್ಟರು ಬಯಲು ಮಾಡುವಂತೆಯೂ ಇಲ್ಲ.

ಎರಡು ಸಲವೂ ಒಂದೇ ಗೆರೆ ಬಂದರೂ ಡಾಕ್ಟರ ಹತ್ತಿರ ಹೋಗಿ. ಥೈರಾಯ್ಡ್ ಕೆಟ್ಟರೂ ಮುಟ್ಟು ತಪ್ಪುತ್ತದೆ, ಸುಸ್ತಾಗುತ್ತದೆ. ಆ ಪರೀಕ್ಷೆಯನ್ನೂ ಹಿಮೋಗ್ಲೋಬಿನ್ನನ್ನೂ ಕೇಳಿ ಮಾಡಿಸಿ. ಎಫ್‌ಎಸ್‌ಎಚ್ ಅಂತ, ಮುಟ್ಟು ನಿಲ್ಲುತ್ತಿದೆಯೇ ಅಂತ ನೋಡುವ ದುಬಾರಿ ಹಾರ್ಮೋನ್ ಪರೀಕ್ಷೆ ಬರೆದರೆ ಯಾಕೆ ಅಂತ ವಿಚಾರಿಸಿ. ಈ ವಯಸ್ಸಿನಲ್ಲಿ ಅದರ ಅಂಕಿ ಇವತ್ತೊಂದು, ಬರುವ ತಿಂಗಳು ಇನ್ನೊಂದು.