ಎಂ ಪಕ್ಕದ ಎಚ್

ಪ್ರಶ್ನೆ: ಮಗಳ ಆಫೀಸಿನ ಗೆಳತಿ ಮೊನ್ನೆ ಮನೆಗೆ ಬಂದಿದ್ದಳು. ಕೊಹಿಮಾದ ಹುಡುಗಿ, ತೆನ್ಯಿದಿಯೆ ಮಾತಾಡುತ್ತಾಳೆ. ಅವಳ ಭಾಷೆಯಲ್ಲಿ ಎಂ ಪಕ್ಕ ಎಚ್ ಬರೆದರೆ ಅದು ಬೇರೆಯೇ ‘ಮ’ ಅಂತೆ. ನಾನು ‘ಮ್ಹ’ ಅಂದೆ, ನಕ್ಕುಬಿಟ್ಟಳು! ಯು ಮೇಲೆ ಎರಡು ಚುಕ್ಕಿ ಬೇರೆ. ನಾಗಾ ಭಾಷೆಗೆ ಸ್ವಂತ ಲಿಪಿ ಇಲ್ವಾ?
– ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ‘ನಾಗಾ ಭಾಷೆ’ ಅಂತ ಒಂದೇ ಭಾಷೆ ಇಲ್ಲ ಸಾರ್. ಆವೊ, ಸುಮಿ, ಲೋಥಾ, ಕೊನ್ಯಾಕ್, ಅಂಗಾಮಿ ಎಲ್ಲ ಬೇರೆ ಬೇರೆ. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ ಕಡೆ ಅಸ್ಸಾಮಿಯಿಂದ ಹುಟ್ಟಿದ ನಾಗಾಮೀಸ್‌ನಲ್ಲಿ ವ್ಯವಹಾರ ನಡೆಯುತ್ತದೆ. ತೆನ್ಯಿದಿಯೆ ಅನ್ನುವುದು ಕೊಹಿಮಾ ಸುತ್ತಿನ ಅಂಗಾಮಿಗಳ ಭಾಷೆ.

ಇನ್ನು ನಿಮ್ಮ ‘ಮ್ಹ’. ನಾವು ‘ಚಿಹ್ನೆ’ ಅಂತ ಬರೆದು ‘ಚಿನ್ಹೆ’ ಅನ್ನುತ್ತೇವಲ್ಲ, ಅಲ್ಲಿ ‘ನ’ಗೆ ದನಿ ಪೂರ್ತಿ ಇದೆ, ‘ಹ’ ಅದರ ಬೆನ್ನಿಗೆ ಬರುತ್ತದೆ. ಅವರದ್ದು ಹಾಗಲ್ಲ. ಗಂಟಲ ಮೇಲೆ ಕೈ ಇಟ್ಟು ‘ಮ್’ ಅನ್ನಿ, ನಡುಗುತ್ತದೆ. ಈಗ ಅದು ನಡುಗಬಾರದು. ತುಟಿ ಮುಚ್ಚಿ, ಮೂಗಿನಿಂದ ಬರೀ ಉಸಿರು ಬಿಡುತ್ತಾ ತುಟಿ ತೆರೆಯಿರಿ, ಬಾಯಿಂದಲೂ ಒಂದಿಷ್ಟು ಉಸಿರು ಹೋಗಲಿ, ಆಮೇಲೆ ‘ಅ’ ಅನ್ನಿ. ಮನೆಯವರು ನೆಗಡಿಯಾ ಅಂತ ಕೇಳಿದರೆ ಸರಿಯಾದ ದಾರಿಯಲ್ಲಿದ್ದೀರಿ! ಬರ್ಮೀಸ್‌ನಲ್ಲೂ ದನಿಯಿಲ್ಲದ ‘ಮ’ ಇದೆ, ಆದರೆ ಅಲ್ಲಿ ತುಟಿ ತೆರೆಯುವ ಮುಂಚೆಯೇ ದನಿ ಶುರುವಾಗುತ್ತದೆ. ಕೊಹಿಮಾ ಹತ್ತಿರದ ಅಂಗಾಮಿ ಊರು ಖೊನೊಮಾದವರ ಮಾತನ್ನು ಅಳೆದು ನೋಡಿ ಈ ವ್ಯತ್ಯಾಸವನ್ನು 1993ರಲ್ಲಿ ಧ್ವನಿವಿಜ್ಞಾನಿಗಳು ಬರೆದಿದ್ದಾರೆ. ‘ನ’, ‘ಲ’, ‘ರ’ಗಳಿಗೂ ಇಂಥ ಜೋಡಿಗಳಿವೆ.

ಎರಡು ಚುಕ್ಕಿಯ ಯು ಸುಲಭ. ತುಟಿ ದುಂಡಗೆ ಮಾಡದೆ, ಸಡಿಲ ಬಿಟ್ಟು ಹೇಳುವ ಮಂಕು ಸ್ವರ ಅದು.

ಲಿಪಿ ರೋಮನ್, 19ನೇ ಶತಮಾನದಲ್ಲಿ ಬಂದ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿಗಳ ಕಾಲದ್ದು. ಹಿಂದೆ ನಮ್ಮ ಬರಹ ಚರ್ಮದ ಮೇಲಿತ್ತು, ನಾಯಿ ತಿಂದುಬಿಟ್ಟಿತು ಅನ್ನುವ ಕಥೆ ನಾಗಾ ಜನರಲ್ಲಿ ಹಲವು ಕಡೆ ಇದೆ.

ನನಗೆ ಜಾಸ್ತಿ ಕುತೂಹಲ ಅನ್ನಿಸುವುದು ಬರಹದಲ್ಲಿ ಕಾಣದ ಸಂಗತಿ. ನಾವು ಒಂದೇ ‘ಹೂಂ’ ಅನ್ನು ರಾಗ ಬದಲಿಸಿ ಒಪ್ಪಿಗೆಗೂ, ಅನುಮಾನಕ್ಕೂ, ಸುಮ್ನೆ ತಲೆಯಾಡಿಸುವುದಕ್ಕೂ ಬಳಸುತ್ತೇವೆ. ಅಲ್ಲಿ ರಾಗ ಬದಲಾದರೆ ಪದವೇ ಬೇರೆ. ಖೊನೊಮಾ ಮಾತಿನಲ್ಲಿ ಅಂಥ 4 ಎತ್ತರಗಳಿವೆ, ಆದರೆ ಸಾಮಾನ್ಯ ಬರಹದಲ್ಲಿ ಅದಕ್ಕೆ ಗುರುತಿಲ್ಲ. ಹಿಂದೆ ಮುಂದೆ ನೋಡಿ ತಿಳಿದುಕೊಳ್ಳಬೇಕು, ಅಷ್ಟೇ.

ಅಂದಹಾಗೆ ಕೊಹಿಮಾದ ಹಳೇ ಹೆಸರು ಕೆವ್ಹಿರಾ. ಬ್ರಿಟಿಷರ ನಾಲಿಗೆಗೆ ಅದು ಹೊರಳಲಿಲ್ಲ ಅನ್ನುತ್ತಾರೆ. ಮುಂದಿನ ಸಲ ಆ ಹುಡುಗಿ ಬಂದಾಗ ನೀವೂ ಒಮ್ಮೆ ಹೇಳಿ ನೋಡಿ. ಮತ್ತೆ ನಗಬಹುದು, ಆದರೆ ತಿದ್ದಿ ಕೊಟ್ಟೇ ಕೊಡುತ್ತಾಳೆ.