ಬುಟ್ಟಿಗಿಂತ ಮೊದಲು ಔಷಧದ ಕಪಾಟು ನೋಡಿ

ಪ್ರಶ್ನೆ: ಮಾಗಡಿ ಹತ್ತಿರ ಸ್ವಂತ ಪಶು ಚಿಕಿತ್ಸಾಲಯ ತೆರೆದು ಎರಡು ವರ್ಷವಾಯಿತು. ಬೆಳಿಗ್ಗೆ ನಾಯಿ, ಬೆಕ್ಕು. ಮಧ್ಯಾಹ್ನದ ಮೇಲೆ ಹಳ್ಳಿಗಳಲ್ಲಿ ದನ, ಕುರಿ. ದಿನಕ್ಕೊಂದು ಬುಟ್ಟಿ ಪ್ಲಾಸ್ಟಿಕ್ ಸಿರಿಂಜು, ಗ್ಲೌಸು ತುಂಬುವುದನ್ನು ನೋಡಿದರೆ ಸಂಕಟವಾಗುತ್ತದೆ. ಹಿಂದಿನವರ ಹಾಗೆ ಗಾಜಿನ ಸಿರಿಂಜು ಕುದಿಸಿ ಬಳಸಲೇ? ಪರಿಸರಕ್ಕೆ ಹೊರೆಯಾಗದಂತೆ ಇನ್ನೇನು ಮಾಡಬಹುದು?
– ಓದುಗರು, ಮಾಗಡಿ

ಉತ್ತರ: ಡಾಕ್ಟ್ರಮ್ಮ, ಸಿರಿಂಜಿನ ಮಾತಿಗೆ ಆಮೇಲೆ ಬರೋಣ. ಮೊದಲು ಔಷಧದ ಕಪಾಟು ತೆಗೆದು ನೋವಿನ ಇಂಜೆಕ್ಷನ್‌ಗಳ ಸಾಲು ನೋಡಿ.

ತೊಂಬತ್ತರ ದಶಕದಲ್ಲಿ ನಾನು ಬ್ಯಾಗಿನಲ್ಲಿ ನೋವಿನ ಮದ್ದು ಡೈಕ್ಲೋಫೆನಾಕ್ ಇಲ್ಲದೆ ಹಳ್ಳಿಗೆ ಹೊರಟವನೇ ಅಲ್ಲ. ಕುಂಟುವ ಎತ್ತಿಗೂ ಅದೇ, ಕೆಚ್ಚಲು ಬಾವಿಗೂ ಅದೇ. ಮದ್ದು ಹಾಕಿಸಿಕೊಂಡ ದನ ಸತ್ತರೆ ಊರಾಚೆ ಎಳೆದು ಹಾಕುತ್ತಿದ್ದರು. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಕೂತು, ಕೆಲವೇ ದಿನಗಳಲ್ಲಿ ಹಕ್ಕಿ ಸಾಯುತ್ತದೆ ಎಂದು ಗೊತ್ತಾದದ್ದು 2004ರಲ್ಲಿ. ನಾನು ಕೊಟ್ಟ ಇಂಜೆಕ್ಷನ್‌ಗಳಲ್ಲಿ ಎಷ್ಟು ಹಕ್ಕಿಗಳ ಸಾವಿತ್ತೋ ಎಂದು ಇವತ್ತಿಗೂ ಮನಸ್ಸು ನೋಯುತ್ತದೆ.

ದನಗಳಿಗೆ ಡೈಕ್ಲೋಫೆನಾಕ್ 2006ರಲ್ಲೇ ನಿಷೇಧವಾಯಿತು. ಆದರೂ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಲೇ ಇದ್ದವು. 2015ರಲ್ಲಿ ಆ ಬಾಟಲಿಯ ಗಾತ್ರವನ್ನೇ 3 ಮಿ.ಲೀ.ಗೆ ಇಳಿಸಬೇಕಾಯಿತು. 2023ರಲ್ಲಿ ಕೀಟೊಪ್ರೊಫೆನ್, ಅಸೆಕ್ಲೋಫೆನಾಕ್ ಎಂಬ ನೋವಿನ ಮದ್ದುಗಳೂ ದನಗಳಿಗೆ ನಿಷೇಧವಾದವು. ಅಸೆಕ್ಲೋಫೆನಾಕ್ ದನದ ಮೈಯೊಳಗೆ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ನಿಮ್ಮಲ್ಲಿ ಹಳೆಯ ದಾಸ್ತಾನು ಉಳಿದಿದ್ದರೆ ಇವತ್ತೇ ತೆಗೆಯಿರಿ, ನಿಮೆಸುಲೈಡ್ ಸಹಿತ. ಬದಲಿಗೆ ಬಳಸಬಹುದಾದ ಮೆಲೊಕ್ಸಿಕಾಮ್ ಮತ್ತು ಟಾಲ್ಫೆನಾಮಿಕ್ ಆಮ್ಲ ರಣಹದ್ದಿಗೆ ಅಪಾಯ ಮಾಡುವುದಿಲ್ಲ.

ನಿಮಗೆ ಇದನ್ನು ಒತ್ತಿ ಹೇಳಲು ಕಾರಣವಿದೆ. 2012ರಲ್ಲಿ ರಣಹದ್ದುಗಳಿಗೆಂದೇ ಅಭಯಾರಣ್ಯವಾದ ರಾಮದೇವರಬೆಟ್ಟ ನಿಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿ ಉಳಿದಿರುವ ಉದ್ದಕೊಕ್ಕಿನ ರಣಹದ್ದುಗಳನ್ನು ಬೆರಳಲ್ಲಿ ಎಣಿಸಬಹುದು. ಆಹಾರ ಹುಡುಕಿಕೊಂಡು ಹತ್ತಾರು ಕಿಲೋಮೀಟರ್ ಹಾರುವ ಹಕ್ಕಿಗೆ ನೀವು ಹೋಗುವ ಹಳ್ಳಿ ಏನೂ ದೂರವಲ್ಲ.

ಇನ್ನು ಸಿರಿಂಜು. ಗಾಜಿನದಕ್ಕೆ ಮರಳಬೇಡಿ. ಬರೀ ಕುದಿಸಿದರೆ ಆಂತ್ರಾಕ್ಸ್‌ನಂಥ ರೋಗಾಣುಗಳ ಬೀಜಕಗಳು ಸಾಯುತ್ತವೆಂಬ ಭರವಸೆಯಿಲ್ಲ. ಅದರ ಬದಲು ಇಂಜೆಕ್ಷನ್‌ಗಳನ್ನೇ ಕಡಿಮೆ ಮಾಡಿ. ‘ಸೂಜಿ ಹಾಕದಿದ್ದರೆ ಅದೆಂಥ ಡಾಕ್ಟ್ರು’ ಅನ್ನುವ ರೈತರಿಗೆ ಮಾತ್ರೆ ಸಾಕೆಂದು ಒಪ್ಪಿಸಲು ಹತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಶಸ್ತ್ರಚಿಕಿತ್ಸೆಗೆ ಹೊದಿಸುವ ಬಟ್ಟೆ ಮಾತ್ರ ಹತ್ತಿಯದೇ ಇರಲಿ. ಒಗೆದು ಆಟೋಕ್ಲೇವ್‌ನಲ್ಲಿ (ಒತ್ತಡದ ಹಬೆಯಲ್ಲಿ ರೋಗಾಣು ಕೊಲ್ಲುವ ಯಂತ್ರ) ಇಟ್ಟು ತೆಗೆದರೆ ವರ್ಷಗಟ್ಟಲೆ ಬರುತ್ತದೆ.

ಕಸವನ್ನು ಹಿತ್ತಲಲ್ಲಿ ಸುಡಬೇಡಿ. ನಾನಿದ್ದ ಒಂದು ಆಸ್ಪತ್ರೆಯ ಹಿಂದೆ ಗುಂಡಿ ತೋಡಿ ಎಲ್ಲವನ್ನೂ ಅದಕ್ಕೇ ಹಾಕಿ ಸುಡುತ್ತಿದ್ದೆವು. ಒಂದು ಮುಂಗಾರಿನಲ್ಲಿ ಮಣ್ಣು ಕೊಚ್ಚಿಹೋಗಿ ಕಪ್ಪಗೆ ಸುಟ್ಟ ಸೂಜಿಗಳು ಮೇಲೆದ್ದವು. ಅಲ್ಲಿ ಮೇಯಲು ಬಂದ ಮೇಕೆಯ ಗೊರಸಿನ ಸಂದಿನಿಂದ ಒಂದನ್ನು ನಾನೇ ಕಿತ್ತೆ, ಕೀವು ತುಂಬಿತ್ತು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಪಶು ಚಿಕಿತ್ಸಾಲಯಗಳಿಗೂ ಅನ್ವಯಿಸುತ್ತದೆ. ಸೂಜಿಗಳು, ಚುಚ್ಚಿ ಹೊರಬಾರದಂಥ ಬಿಳಿ ಡಬ್ಬಕ್ಕೆ, ಸೂಜಿ ತೆಗೆದ ಸಿರಿಂಜು ಕೆಂಪು ಚೀಲಕ್ಕೆ, ರಕ್ತದ ಹತ್ತಿ ಹಳದಿಗೆ. ಅವಧಿ ಮುಗಿದ ಔಷಧವೂ ಹಳದಿಗೇ, ಸಿಂಕಿಗಲ್ಲ.

ನಾಯಿಗಳ ಶಸ್ತ್ರಚಿಕಿತ್ಸೆಗೆ ಐಸೊಫ್ಲೂರೇನ್ ಎಂಬ ಅರಿವಳಿಕೆ ಅನಿಲ ಬಳಸುತ್ತೀರಾದರೆ ಇದನ್ನೂ ಗಮನಿಸಿ. ತೂಕಕ್ಕೆ ತೂಕ ಹೋಲಿಸಿದರೆ ಅದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 500 ಪಟ್ಟು ಶಾಖ ಹಿಡಿಯುತ್ತದೆ. ದೊಡ್ಡ ನಾಯಿಗೆ ಸರ್ಕಲ್ ಸರ್ಕ್ಯೂಟ್ (ಬಿಟ್ಟ ಉಸಿರಿನ ಅನಿಲವನ್ನೇ ಶುದ್ಧಮಾಡಿ ಮತ್ತೆ ಕೊಡುವ ಕೊಳವೆ ಜೋಡಣೆ) ಹಾಕಿ, ಅರಿವಳಿಕೆ ನೆಲೆನಿಂತ ಮೇಲೆ, ಮಾನಿಟರ್ ಮೇಲೆ ಕಣ್ಣಿಟ್ಟು ಆಮ್ಲಜನಕದ ಹರಿವನ್ನು ತಗ್ಗಿಸಿ. ಅನಿಲ ಬಹಳ ಉಳಿಯುತ್ತದೆ. ಬೆಕ್ಕು, ಪುಟ್ಟ ನಾಯಿಗಳ ಬೇರೆ ಸರ್ಕ್ಯೂಟಿನಲ್ಲಿ ಹಾಗೆ ತಗ್ಗಿಸಬೇಡಿ, ಉಸಿರಿಗೆ ತೊಂದರೆಯಾಗುತ್ತದೆ.