ಓದುಗರ ಪ್ರಶ್ನೆ: ಪಾಕ ಹಿಡಿದವರಿಗೆ ಬೇಕನ್ ಫಡ್ಜ್ ಕಷ್ಟವಲ್ಲ

ಪ್ರಶ್ನೆ: ಅಕ್ಕಾ, ಅಮೆರಿಕದಲ್ಲಿರುವ ನನ್ನ ತಮ್ಮ ರಜೆಗೆ ಬಂದಾಗ ನಮ್ಮ ಅಡುಗೆಮನೆಯಲ್ಲೇ ಬೇಕನ್ (ಉಪ್ಪು ಹಚ್ಚಿ ಹೊಗೆ ಹಿಡಿಸಿದ ಹಂದಿಮಾಂಸ) ಹಾಕಿದ ಚಾಕೊಲೇಟ್ ಫಡ್ಜ್ ಮಾಡಿ ತಿನ್ನಿಸಿದ್ದ. ಮೊದಲು ಮೂಗು ಮುರಿದವರೇ ಆಮೇಲೆ ತಟ್ಟೆ ಖಾಲಿ ಮಾಡಿದರು. ಈ ಕ್ರಿಸ್‌ಮಸ್‌ಗೆ ನಾನೇ ಮಾಡೋಣವೆಂದು ಎರಡು ಸಲ ಕೈಹಾಕಿದೆ. ಒಮ್ಮೆ ಮರಳು ತಿಂದಂತಾಯಿತು. ಇನ್ನೊಮ್ಮೆ ಫಡ್ಜ್ ಸರಿಯಾಗಿತ್ತು, ಬೇಕನ್ ತುಂಡು ಮಾತ್ರ ತೊಗಲಿನಂತೆ ಜಗ್ಗುತ್ತಿತ್ತು. ತಮ್ಮನನ್ನು ಕೇಳಿದರೆ ‘ಕಣ್ಣಳತೆಯಲ್ಲಿ ಮಾಡುತ್ತೇನೆ’ ಎನ್ನುತ್ತಾನೆ.
— ಓದುಗರೊಬ್ಬರು, ಬೀದರ

ಉತ್ತರ: ತಂಗಿ, ನಿಮ್ಮ ಎರಡು ಸೋಲುಗಳಿಗೂ ಒಂದಕ್ಕೊಂದು ಸಂಬಂಧವಿಲ್ಲ. ಮರಳಾದದ್ದು ಪಾಕದ ದೋಷ, ತೊಗಲಾದದ್ದು ಬಾಣಲೆಯ ದೋಷ. ಪಾಕದಿಂದಲೇ ಶುರು ಮಾಡೋಣ. ಬೇಕನ್ ಇಲ್ಲದೆಯೂ ಫಡ್ಜ್ ಆಗುತ್ತದೆ. ಪಾಕ ಕೆಟ್ಟರೆ ಯಾವ ಬೇಕನ್ನೂ ಅದನ್ನು ಉಳಿಸುವುದಿಲ್ಲ.

ಹೆಸರು ಪರಕೀಯವೆನಿಸಿದರೂ ಫಡ್ಜ್ ಎಂದರೆ ಹಾಲು, ಬೆಣ್ಣೆ ಬೆರೆತ ಸಕ್ಕರೆ ಪಾಕ, ಅಷ್ಟೇ. ಶೇಂಗಾ ಉಂಡೆಗೆ ಬೆಲ್ಲದ ಪಾಕ ಹಿಡಿಯುವಾಗ ಮನೆಯ ಹಿರಿಯರು ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಿನಲ್ಲಿ ಒತ್ತಿ ನೋಡುವುದನ್ನು ನೀವು ಕಂಡಿರುತ್ತೀರಿ. ಫಡ್ಜ್‌ಗೂ ಅದೇ ಪರೀಕ್ಷೆ. ಹನಿ ನೀರಿನಲ್ಲಿ ಕರಗದೆ ಉಂಡೆ ಕಟ್ಟಬೇಕು, ಆದರೆ ಹೊರಗೆ ತೆಗೆದು ಒತ್ತಿದಾಗ ಬೆರಳ ನಡುವೆ ಚಪ್ಪಟೆಯಾಗಬೇಕು. ಉಷ್ಣತಾಮಾಪಕದ ಲೆಕ್ಕದಲ್ಲಿ ಇದು 112ರಿಂದ 116 ಡಿಗ್ರಿ ಸೆಲ್ಸಿಯಸ್. ಇಲ್ಲಿ ಬೀದರಿನವರಿಗೆ ಒಂದು ತಿದ್ದುಪಡಿ ಇದೆ. ನಿಮ್ಮ ಊರು ಸಮುದ್ರಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ. ಹಾಗಾಗಿ ಅಮೆರಿಕದ ಪಾಕವಿಧಾನದಲ್ಲಿ 115 ಎಂದಿದ್ದರೆ ನೀವು 113ಕ್ಕೇ ಒಲೆ ಆರಿಸಿ. ಮಾಪಕದ ಮೇಲೆ ನಂಬಿಕೆ ಇಲ್ಲದಿದ್ದರೆ ಕುದಿಯುವ ನೀರಿನಲ್ಲಿ ಅದ್ದಿ ನೋಡಿ. ಅದು 100ಕ್ಕಿಂತ ಎಷ್ಟು ಕಡಿಮೆ ತೋರಿಸುತ್ತದೋ ಅಷ್ಟನ್ನು ಕಳೆದುಕೊಂಡರಾಯಿತು.

ಅಳತೆ ಹೀಗಿರಲಿ: 400 ಗ್ರಾಂ ಸಕ್ಕರೆ, 150 ಮಿಲಿ ಕೆನೆಸಹಿತ ಹಾಲು, 100 ಮಿಲಿ ಕೆನೆ, 40 ಗ್ರಾಂ ಕೋಕೋ ಪುಡಿ, 60 ಗ್ರಾಂ ಬೆಣ್ಣೆ, ಒಂದು ದೊಡ್ಡ ಚಮಚ ದ್ರವ ಗ್ಲೂಕೋಸ್. ಬೆಣ್ಣೆ ಉಪ್ಪಿಲ್ಲದ್ದಾಗಿರಲಿ. ಅಂಗಡಿಯ ಹಳದಿ ಬೆಣ್ಣೆಯಲ್ಲಿ ಸಾಮಾನ್ಯವಾಗಿ ಉಪ್ಪಿರುತ್ತದೆ, ಬೇಕನ್‌ನಲ್ಲಿಯೂ ಇದೆ, ಎರಡೂ ಸೇರಿದರೆ ಸಿಹಿ ಹೋಗಿ ಕಷಾಯವಾಗುತ್ತದೆ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆಯ ಹುಳಿ ಹೋಗುವವರೆಗೆ ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ, ಇಲ್ಲವಾದರೆ ಹಾಲು ಒಡೆಯುತ್ತದೆ. ಗ್ಲೂಕೋಸ್ ಕೇಕ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಕಾಲು ಚಮಚ ನಿಂಬೆ ರಸ ಸಾಕು. ಸಕ್ಕರೆಯ ಕಣಗಳು ಒಂದಕ್ಕೊಂದು ಅಂಟಿ ದೊಡ್ಡ ಹರಳಾಗದಂತೆ ಅಡ್ಡ ನಿಲ್ಲುವುದೇ ಇವುಗಳ ಕೆಲಸ.

ಅಗಲವಾದ ದಪ್ಪ ತಳದ ಬೋಗುಣಿ ಹಿಡಿಯಿರಿ, ಹಾಲು ಸೇರಿದ ಪಾಕ ಮೂರು ಪಟ್ಟು ಉಕ್ಕುತ್ತದೆ. ಬೆಣ್ಣೆ ಬಿಟ್ಟು ಉಳಿದದ್ದನ್ನೆಲ್ಲ ಸಣ್ಣ ಉರಿಯಲ್ಲಿ ಸಕ್ಕರೆ ಪೂರ್ತಿ ಕರಗುವವರೆಗೆ ಕೈಯಾಡಿಸಿ. ಚಮಚದ ಬೆನ್ನಿಗೆ ಬೆರಳು ಸವರಿದರೆ ಒಂದು ಕಾಳೂ ತಾಗಬಾರದು. ಕುದಿ ಬಂದ ಮೇಲೆ ಬೋಗುಣಿಯ ಅಂಚಿಗೆ ಹತ್ತಿದ ಸಕ್ಕರೆಯನ್ನು ಒದ್ದೆ ಬ್ರಷ್ಷಿನಿಂದ ಒರೆಸಿ ಕೆಳಗಿಳಿಸಿ. ಅಂಚಿನಲ್ಲಿ ಉಳಿದ ಹತ್ತು ಹರಳು ಇಡೀ ಬೋಗುಣಿಯನ್ನು ಮರಳು ಮಾಡಬಲ್ಲವು.

ಹದ ಬಂತು, ಇಳಿಸಿದಿರಿ, ಬೆಣ್ಣೆಯನ್ನು ಮೇಲೆ ಹಾಕಿದಿರಿ. ಈಗ ಬೋಗುಣಿಯನ್ನು ಮುಟ್ಟಬೇಡಿ. ನಿಮ್ಮ ಮೊದಲ ಸಲದ ತಪ್ಪು ಇಲ್ಲಿಯೇ ಆಗಿದೆ ಎಂದು ನನ್ನ ಅನುಮಾನ. ನಮ್ಮ ಕೈಗೆ ಸುಮ್ಮನಿರುವ ಅಭ್ಯಾಸವಿಲ್ಲ, ಬರ್ಫಿಯನ್ನು ತಿರುವಿದಂತೆ ಬಿಸಿ ಪಾಕವನ್ನೂ ತಿರುವಿಬಿಡುತ್ತೇವೆ. ಬಿಸಿಯಲ್ಲಿ ಕಲಕಿದರೆ ಹರಳು ಕಡಿಮೆ ಹುಟ್ಟುತ್ತವೆ, ಹುಟ್ಟಿದವು ದೊಡ್ಡದಾಗಿ ಬೆಳೆಯುತ್ತವೆ. 45 ಡಿಗ್ರಿಯ ಸುಮಾರಿಗೆ, ಅಂದರೆ ಬೋಗುಣಿಯ ತಳಕ್ಕೆ ಅಂಗೈ ಇಟ್ಟು ತಡೆದುಕೊಳ್ಳುವಷ್ಟು ಆರಿದ ಮೇಲೆ ಕಲಕಿದರೆ ಒಮ್ಮೆಗೇ ಲೆಕ್ಕವಿಲ್ಲದಷ್ಟು ಹರಳು ಹುಟ್ಟಿ, ಯಾವುದಕ್ಕೂ ಬೆಳೆಯಲು ಸಕ್ಕರೆ ಉಳಿಯುವುದಿಲ್ಲ. ನಾಲಿಗೆಗೆ ಅದು ರೇಷ್ಮೆ. ಕಲಾಕಂದದಲ್ಲಿ ನಾವು ಹಣ ಕೊಟ್ಟು ಕೊಳ್ಳುವ ತರಿಯೇ ಫಡ್ಜ್‌ನಲ್ಲಿ ದೋಷ. ಇದು ಬರೀ ರೂಢಿಯ ಮಾತಿರಬಹುದು, ಆದರೆ ಬೇಕನ್‌ನ ಗರಿ ತಿಳಿಯಬೇಕಾದರೆ ಸುತ್ತಲಿನದು ನುಣುಪಾಗಿರಲೇಬೇಕು.

ಆರಿದ ಮೇಲೆ ಮರದ ಸೌಟಿನಿಂದ ಕಲಕಲು ಶುರು ಮಾಡಿ. ಹತ್ತು ನಿಮಿಷವಾದರೂ ಬೇಕು, ಹದಿನೈದಾದರೂ ಆಶ್ಚರ್ಯವಿಲ್ಲ. ಮೊದಲು ಎಣ್ಣೆ ಸವರಿದ ಕಪ್ಪು ಕಲ್ಲಿನಂತೆ ಮಿನುಗುತ್ತಿರುತ್ತದೆ, ಸೌಟು ಎತ್ತಿದರೆ ದಾರದಂತೆ ಇಳಿಯುತ್ತದೆ. ಆಮೇಲೆ ಕೈ ಭಾರವಾಗುತ್ತದೆ. ಸೌಟು ಎಳೆದ ಗೆರೆ ಮುಚ್ಚಿಕೊಳ್ಳಲು ತಡಮಾಡುತ್ತದೆ, ಬಣ್ಣ ಒಂದು ಛಾಯೆ ತಿಳಿಯಾಗುತ್ತದೆ, ಮತ್ತೆ ಇದ್ದಕ್ಕಿದ್ದಂತೆ ಹೊಳಪು ಮಾಯ. ಹೊಳಪು ಹೋದಮೇಲೆ ನಿಮಗಿರುವುದು ಅರ್ಧ ನಿಮಿಷ. ಬೇಕನ್ ಪುಡಿ ಅಷ್ಟರಲ್ಲಿ ಬಟ್ಟಲಿನಲ್ಲಿ ಸಿದ್ಧವಿರಬೇಕು, ತಟ್ಟೆಗೆ ಬೆಣ್ಣೆಕಾಗದ ಹಾಸಿರಬೇಕು.

ಇನ್ನು ಬೇಕನ್. ಹಂದಿಯ ಹೊಟ್ಟೆಭಾಗದ ಮಾಂಸಕ್ಕೆ ಉಪ್ಪು ಹಚ್ಚಿ ಹದಮಾಡಿ ಹೊಗೆ ಹಿಡಿಸಿದ್ದು ಅದು. ಅರ್ಧಕ್ಕರ್ಧ ಕೊಬ್ಬು. ನೀವು ಬಹುಶಃ ಕಾದ ಬಾಣಲೆಗೆ ಎಣ್ಣೆ ಬಿಟ್ಟು ಜೋರು ಉರಿಯಲ್ಲಿ ಹುರಿದಿದ್ದೀರಿ. ಆಗ ಅಂಚು ಕರಿಯಾಗುತ್ತದೆ, ಒಳಗಿನ ಕೊಬ್ಬು ಮತ್ತು ನೀರು ಹಾಗೆಯೇ ಕುಳಿತಿರುತ್ತವೆ. ಫಡ್ಜ್‌ಗೆ ಸೇರಿದ ಮೇಲೆ ಆ ತುಂಡು ರಬ್ಬರಾಗದೆ ಇನ್ನೇನಾಗುತ್ತದೆ? ತಣ್ಣನೆಯ ಬಾಣಲೆಯಲ್ಲಿ, ಎಣ್ಣೆ ಹಾಕದೆ, ಪಟ್ಟಿಗಳನ್ನು ಒಂದರ ಮೇಲೊಂದು ಬರದಂತೆ ಹಾಸಿ ಸಣ್ಣ ಉರಿ ಇಡಿ. ಕೊಬ್ಬು ತಾನೇ ಕರಗಿ ಹೊರಬಂದು, ಆ ಕೊಬ್ಬಿನಲ್ಲೇ ಬೇಕನ್ ಹುರಿಯುತ್ತದೆ. ಹದಿನೈದು ನಿಮಿಷ ಹಿಡಿಯಲಿ. ಚಟಪಟ ಸದ್ದು ಇಳಿದು ಮೇಲೆ ನೊರೆ ಕಂಡರೆ ನೀರು ಹೋಗಿದೆ ಎಂದರ್ಥ. ಅಡುಗೆಮನೆಯ ಕಾಗದದ ಮೇಲೆ ಹರಡಿ. ದಿನಪತ್ರಿಕೆ ಬೇಡ, ಅದರ ಮಸಿ ಎಣ್ಣೆಗೆ ಬಿಡುತ್ತದೆ (ಪತ್ರಿಕೆಯಲ್ಲಿ ಬರೆಯುವವಳೇ ಹೇಳುತ್ತಿದ್ದೇನೆ). ಆರಿದ ಪಟ್ಟಿ ಕಡಕ್ ರೊಟ್ಟಿಯಂತೆ ಪಟ್ಟನೆ ಮುರಿಯಬೇಕು. ಬಾಗಿದರೆ ಮತ್ತೆ ಬಾಣಲೆಗೆ.

100 ಗ್ರಾಂ ಹಸಿ ಬೇಕನ್ ಹುರಿದರೆ ಮೂರನೆಯ ಒಂದು ಭಾಗ ಉಳಿಯುತ್ತದೆ. ಮೇಲಿನ ಅಳತೆಗೆ ಅಷ್ಟು ಸಾಕು. ಹೆಚ್ಚು ಹಾಕಿದರೆ ಅದು ಸಿಹಿಯಲ್ಲ, ಮಾಂಸದ ಅಡುಗೆ. ಸಣ್ಣಗೆ ಪುಡಿ ಮಾಡಿ ಎರಡು ಪಾಲನ್ನು ಫಡ್ಜ್‌ನೊಳಗೆ, ಒಂದು ಪಾಲನ್ನು ತಟ್ಟೆಗೆ ಸುರಿದ ಕೂಡಲೇ ಮೇಲೆ ಉದುರಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ. ಬಾಣಲೆಯ ಕೊಬ್ಬನ್ನು ಚೆಲ್ಲಬೇಡಿ. ಬೆಣ್ಣೆಯಲ್ಲಿ ಒಂದು ಚಮಚ ಕಡಿಮೆ ಮಾಡಿ ಅದರ ಬದಲು ಇದನ್ನು ಸೇರಿಸಿದರೆ ಹೊಗೆಯ ವಾಸನೆ ಇಡೀ ಫಡ್ಜ್‌ಗೆ ಹರಡುತ್ತದೆ. ಒಂದೇ ಚಮಚ, ಎರಡಲ್ಲ.

ಬೇಕನ್ ಶೈತ್ಯಪೆಟ್ಟಿಗೆಯ ಸರಕು. ನಿಮ್ಮಲ್ಲಿ ಸಿಗದೆ ಹೈದರಾಬಾದಿನಿಂದ ತರಿಸುವುದಾದರೆ ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿ ತರಿಸಿ. ಮಾಡಿದ ಫಡ್ಜ್ ಕೂಡ ಹೊರಗಿಡುವುದಲ್ಲ. ಬರೀ ಸಕ್ಕರೆ ಫಡ್ಜ್ ಎರಡು ವಾರ ಇರುತ್ತದೆ, ಬೇಕನ್ ಸೇರಿದ್ದನ್ನು ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಿ. ಮೊದಲ ಸಲದ ಮರಳು ಇನ್ನೂ ಡಬ್ಬಿಯಲ್ಲಿದ್ದರೆ ಎಸೆಯಬೇಡಿ. ಅದರಲ್ಲಿ ಬೇಕನ್ ಬಿದ್ದಿಲ್ಲವಾದರೆ, ಒಂದು ಲೋಟ ನೀರು ಹಾಕಿ ಕರಗಿಸಿ, ಮೊದಲಿನಿಂದ ಪಾಕ ಹಿಡಿಯಿರಿ, ಸರಿಯಾಗುತ್ತದೆ.

ಇನ್ನೊಂದು ಮಾತು. ಕ್ರಿಸ್‌ಮಸ್ ತಟ್ಟೆ ನಮ್ಮ ಕಡೆ ಹತ್ತು ಮನೆಗೆ ಹೋಗುತ್ತದೆ, ಅದರಲ್ಲಿ ಹಂದಿ ಮುಟ್ಟದ ಮನೆಗಳೂ, ಮಾಂಸವನ್ನೇ ಮುಟ್ಟದ ಮನೆಗಳೂ ಇರುತ್ತವೆ. ನೋಡಲು ಈ ಫಡ್ಜ್ ಬಾದಾಮಿ ಫಡ್ಜ್‌ನಂತೆಯೇ ಇರುತ್ತದೆ. ಬೇರೆ ಡಬ್ಬಿ, ಬೇರೆ ಚಾಕು, ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ‘ಹಂದಿ ಮಾಂಸವಿದೆ’ ಎಂಬ ಚೀಟಿ. ಬಾಯಲ್ಲಿ ಹೇಳಿದ್ದೇನೆ ಎಂದು ಬಿಡಬೇಡಿ, ಡಬ್ಬಿ ಕೈ ಬದಲಿಸುತ್ತದೆ.

ಪ್ರಶ್ನೆ: ಪಾಕ 45 ಡಿಗ್ರಿಗೆ ಇಳಿಯುವವರೆಗೆ ಕಾಯಿರಿ ಎಂದು ಎಲ್ಲ ಪಾಕವಿಧಾನಗಳಲ್ಲೂ ಇದೆ. ಮೇ ತಿಂಗಳಲ್ಲಿ ನಮ್ಮ ಅಡುಗೆಮನೆಯೇ 42 ಇರುತ್ತದೆ. ಹೀಗಾಗಿ ಕಂಡೆನ್ಸ್ಡ್ ಹಾಲು, ಚಾಕೊಲೇಟ್ ಕರಗಿಸಿ ಮಾಡುವ ಸುಲಭದ ಫಡ್ಜ್ ಮಾಡಿದೆ. ಹುಟ್ಟುಹಬ್ಬದ ಮೇಜಿನ ಮೇಲೆ ಅದು ಗೊಜ್ಜಾಯಿತು.
— ಓದುಗರೊಬ್ಬರು, ಕಲಬುರಗಿ

ಉತ್ತರ: ನಗು ಬಂತು, ಕ್ಷಮಿಸಿ. ನಾನೂ ಇದೇ ಊರಿನವಳು, ನನ್ನದೂ ಒಮ್ಮೆ ಗೊಜ್ಜಾಗಿದೆ. ಸುಲಭದ ಫಡ್ಜ್‌ನಲ್ಲಿ ಸಕ್ಕರೆ ಹರಳುಗಟ್ಟಿ ನಿಲ್ಲುವುದಿಲ್ಲ, ಅದನ್ನು ಹಿಡಿದಿಡುವುದು ಚಾಕೊಲೇಟಿನ ಕೋಕೋ ಬೆಣ್ಣೆ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ. ಬಾಯಲ್ಲಿಟ್ಟರೆ ಕರಗಲಿ ಎಂದೇ ಅದನ್ನು ಮೆಚ್ಚುವುದು. ನಮ್ಮ ಬೇಸಿಗೆ ಬಾಯಿಗಿಂತ ಬಿಸಿ. ಡಿಸೆಂಬರಿನಲ್ಲಿ ಆ ವಿಧಾನ ಚೆನ್ನ: ಒಂದು ಡಬ್ಬಿ, ಅಂದರೆ 400 ಗ್ರಾಂ ಕಂಡೆನ್ಸ್ಡ್ ಹಾಲಿಗೆ 350 ಗ್ರಾಂ ಕಪ್ಪು ಚಾಕೊಲೇಟ್, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ ತಟ್ಟೆಗೆ ಸುರಿದರೆ ಮುಗಿಯಿತು.

ಬೇಸಿಗೆಯಲ್ಲಿ ಕುದಿಸಿದ ಪಾಕದ ಫಡ್ಜ್ ಮಾಡಿ, ಅದರ ಆಕಾರ ಹಿಡಿಯುವುದು ಸಕ್ಕರೆ. ಆರಿಸಲು ಅಗಲವಾದ ಪರಾತದಲ್ಲಿ ಮಣ್ಣಿನ ಕೊಡದ ನೀರು ಹಾಕಿ, ಬೋಗುಣಿಯನ್ನು ಅದರಲ್ಲಿ ಅಲುಗಿಸದೆ ಕೂರಿಸಿ. ಮಂಜುಗಡ್ಡೆ ಬೇಡ, ತಳದ ಪಾಕ ಗಟ್ಟಿಯಾಗಿ ಮೇಲಿನದು ಬಿಸಿಯಾಗಿಯೇ ಉಳಿಯುತ್ತದೆ. ಫ್ಯಾನಿನ ಕೆಳಗೆ ಇಟ್ಟರೆ ಮೇಲೆ ಸಕ್ಕರೆಯ ಪದರ ಕಟ್ಟುತ್ತದೆ, ಅದೂ ಬೇಡ. ಬೆಳಗಿನ ಐದು ಗಂಟೆಗೆ ಎದ್ದು ಮಾಡುವುದು ಇನ್ನೂ ಮೇಲು.

ಪ್ರಶ್ನೆ: ನಮ್ಮದು ಶಾಕಾಹಾರಿ ಮನೆ. ಮಗಳಿಗೆ ಸಿಹಿ-ಉಪ್ಪಿನ ಫಡ್ಜ್ ತಿನ್ನುವ ಆಸೆ. ಬೇಕನ್ ಬದಲಿಗೆ ಏನು? ಸಿಹಿಗೆ ಉಪ್ಪು ಹಾಕುವುದು ಅತ್ತೆಯವರಿಗೆ ವಿಚಿತ್ರವೆನಿಸುತ್ತಿದೆ.
— ಓದುಗರೊಬ್ಬರು, ಯಾದಗಿರಿ

ಉತ್ತರ: ಹೋಳಿಗೆಯ ಜೊತೆಗೆ ಕಟ್ಟಿನ ಸಾರು ಬಡಿಸಿದವರು ಯಾರು ಎಂದು ಅತ್ತೆಯವರನ್ನು ಮೆಲ್ಲಗೆ ಕೇಳಿ. ಸಿಹಿ ನಾಲಿಗೆಗೆ ಮಂದವಾದಾಗ ಉಪ್ಪು ಅದನ್ನು ಎಬ್ಬಿಸುತ್ತದೆ, ಕೋಕೋದ ಕಹಿಯನ್ನೂ ತಗ್ಗಿಸುತ್ತದೆ.

ಬೇಕನ್‌ನಿಂದ ಫಡ್ಜ್‌ಗೆ ಬರುವುದು ಮೂರು: ಉಪ್ಪು, ಗರಿ, ಹೊಗೆ. ಮೊದಲೆರಡು ಶೇಂಗಾದಲ್ಲಿವೆ. 80 ಗ್ರಾಂ ಶೇಂಗಾವನ್ನು ಸಿಪ್ಪೆ ಬಿಡುವವರೆಗೆ ಹುರಿದು, ಬಿಸಿ ಇರುವಾಗಲೇ ಕಾಲು ಚಮಚ ಉಪ್ಪನ್ನು ಒಂದು ಚಮಚ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಮತ್ತೆ ಬಾಣಲೆಗೆ ಹಾಕಿ ಒಣಗಿಸಿ. ಇನ್ನು ಹೊಗೆ. ಬಿರಿಯಾನಿ ಮಾಡುವವರು ಕೆಂಡಕ್ಕೆ ತುಪ್ಪ ಬಿಟ್ಟು ಮುಚ್ಚಳ ಮುಚ್ಚುತ್ತಾರಲ್ಲ, ಅದನ್ನೇ ಮಾಡಿ. ಪಾತ್ರೆಯಲ್ಲಿ ಶೇಂಗಾ ಹರಡಿ, ನಡುವೆ ಸಣ್ಣ ಸ್ಟೀಲ್ ಬಟ್ಟಲಿನಲ್ಲಿ ಕೆಂಪಗಾದ ಇದ್ದಿಲಿಟ್ಟು, ನಾಲ್ಕು ಹನಿ ತುಪ್ಪ ಬಿಟ್ಟು ಐದು ನಿಮಿಷ ಮುಚ್ಚಿ. ಕಿಟಕಿ ತೆರೆದಿರಲಿ. ಹತ್ತು ನಿಮಿಷವಾದರೆ ಮಸಿಯ ರುಚಿ ಬರುತ್ತದೆ. ಆ ಶೇಂಗಾವನ್ನು ಜಜ್ಜಿ, ಮೇಲೆ ಬೀದರಿನ ತಂಗಿಗೆ ಹೇಳಿದ ಕ್ಷಣದಲ್ಲೇ, ಹೊಳಪು ಹೋದ ಕೂಡಲೇ ಸೇರಿಸಿ.

ಮೇಲೆ ಉದುರಿಸಲು ಹರಳು ಸೈಂಧವ ಉಪ್ಪನ್ನು ಕಲ್ಲಿನಲ್ಲಿ ತರಿತರಿಯಾಗಿ ಕುಟ್ಟಿಕೊಳ್ಳಿ, ಎರಡು ಚಿಟಿಕೆ ಸಾಕು. ಕರಿ ಉಪ್ಪು ಮಾತ್ರ ಹತ್ತಿರ ಬರಬಾರದು, ಅದರ ಗಂಧಕದ ವಾಸನೆ ಚಾಕೊಲೇಟಿನೊಂದಿಗೆ ಕೊಳೆತ ಮೊಟ್ಟೆಯಾಗುತ್ತದೆ. ಮತ್ತು ಶಾಕಾಹಾರಿ ಮನೆಯೆಂದ ಮೇಲೆ ಮಾರ್ಷ್‌ಮೆಲ್ಲೊ ಹಾಕುವ ಫಡ್ಜ್ ಬೇಡ. ಅದರಲ್ಲಿ ಸಾಮಾನ್ಯವಾಗಿ ಜೆಲಾಟಿನ್ ಇರುತ್ತದೆ, ಜೆಲಾಟಿನ್ ಪ್ರಾಣಿಯ ಚರ್ಮ, ಮೂಳೆಯಿಂದ ಬರುತ್ತದೆ.

ಪ್ರಶ್ನೆ: ಸಕ್ಕರೆಯ ಬದಲು ಬೆಲ್ಲ ಹಾಕಬಹುದೇ? ಒಮ್ಮೆ ಹಾಕಿದಾಗ ಹಾಲು ಒಡೆಯಿತು.
— ಓದುಗರೊಬ್ಬರು, ಕಲಬುರಗಿ

ಉತ್ತರ: ಹಾಕಬಹುದು. ಬೆಲ್ಲದಲ್ಲಿ ಹುಳಿಯ ಅಂಶವಿದೆ, ಬಿಸಿ ಹಾಲು ಅದನ್ನು ತಾಳುವುದಿಲ್ಲ. ಅರ್ಧ ಸಕ್ಕರೆ, ಅರ್ಧ ಬೆಲ್ಲ ಮಾಡಿ, ಬೆಲ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಸೋಸಿ, ಒಂದು ಚಿಟಿಕೆ ಅಡುಗೆ ಸೋಡಾ ಸೇರಿಸಿದ ಮೇಲೆ ಹಾಲಿಗೆ ಹಾಕಿ. ಸೋಡಾ ಬಿದ್ದ ಪಾಕ ನೊರೆಯಾಗಿ ಏರುತ್ತದೆ, ಗಾಬರಿಯಾಗಬೇಡಿ, ಬೋಗುಣಿ ಇನ್ನೂ ಒಂದು ಅಳತೆ ದೊಡ್ಡದಿರಲಿ. ನಿಂಬೆ ರಸವನ್ನು ಇಲ್ಲಿ ಕೈಬಿಡಿ.